ಕಾರ್ಥೇಜಿನ ಒಡಕು: ಡೊನಾಟಸ್ ಪಕ್ಷದ ಹಟ ಸರಿಯೇ?

ಪರ

303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಗ್ರಂಥಗಳನ್ನು ಸುಡಿಸಲು ಹೊರಟ. ಉತ್ತರ ಆಫ್ರಿಕಾದಲ್ಲಿ ಹಲವರು ಪುಸ್ತಕ ಕೊಡಲ್ಲ ಅಂತ ಪ್ರಾಣ ಬಿಟ್ಟರು. ಕೆಲವು ಬಿಷಪ್‌ಗಳು ಕೊಟ್ಟು ತಲೆ ಉಳಿಸಿಕೊಂಡರು. ಗಲಾಟೆ ತಣ್ಣಗಾದ ಮೇಲೆ ಅಂಥವರೇ ಪೀಠದಲ್ಲಿ ಕೂತು ಆಶೀರ್ವಾದ ಮಾಡಿದರೆ, ಮಗನನ್ನು ಕಳೆದುಕೊಂಡ ತಾಯಿ ಸುಮ್ನೆ ತಲೆ ಬಾಗಿಸಬೇಕಾ?

311ರ ಸುಮಾರಿಗೆ ಸೀಸಿಲಿಯನ್ ಎಂಬವನು ಉತ್ತರ ಆಫ್ರಿಕಾದ ದೊಡ್ಡ ನಗರ ಕಾರ್ಥೇಜಿನ ಬಿಷಪ್ ಆದ. ಅವನಿಗೆ ಬಿಷಪ್ ದೀಕ್ಷೆ ಕೊಟ್ಟ ಫೆಲಿಕ್ಸ್ ಎಂಬ ಬಿಷಪ್ ಮೇಲೆ ಗ್ರಂಥ ಒಪ್ಪಿಸಿದ ಆರೋಪವಿತ್ತು. ಪಕ್ಕದ ನುಮಿಡಿಯಾ ಪ್ರಾಂತದ ಸುಮಾರು 70 ಬಿಷಪ್‌ಗಳು ಈ ದೀಕ್ಷೆ ಸಲ್ಲದು ಎಂದು ಅವನ ಬದಲು ಮೆಜೊರಿನಸ್‌ ಎಂಬವನನ್ನು ಕೂರಿಸಿದರು. ಅವನ ನಂತರ ಬಂದವನೇ ಡೊನಾಟಸ್; ಈ ಪಕ್ಷಕ್ಕೆ ಅವನದೇ ಹೆಸರು. ಇದೇನೂ ಹೊಸ ಹಟವಲ್ಲ. ಜೀವಭಯಕ್ಕೆ ನಂಬಿಕೆ ಬಿಟ್ಟ ಬಿಷಪ್ ಮತ್ತೆ ಪೀಠ ಏರಬಾರದು ಎಂದು 250ರ ದಶಕದಲ್ಲಿ ಗಟ್ಟಿಯಾಗಿ ವಾದಿಸಿದ್ದ ಸಿಪ್ರಿಯನ್ ಕೂಡ ಅದೇ ಊರಿನ ಬಿಷಪ್. ತನ್ನ ಹತ್ತಿರ ಇಲ್ಲದ ಪಾವಿತ್ರ್ಯವನ್ನು ಇನ್ನೊಬ್ಬರಿಗೆ ಕೊಡೋದು ಹೇಗೆ? ‘ಚರ್ಚಿನಲ್ಲಿ ಚಕ್ರವರ್ತಿಗೇನು ಕೆಲಸ’ ಎಂದು ಡೊನಾಟಸ್ ಕೇಳಿದ್ದೂ ನ್ಯಾಯವೇ.

ವಿರೋಧ

ಕೇಳಿದ್ದು ನ್ಯಾಯ, ಸರಿ. ಆದರೆ 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಳಿ ಮೊದಲು ದೂರು ಒಯ್ದದ್ದು ಡೊನಾಟಸ್ ಪಕ್ಷದವರೇ, ಅಲ್ವಾ? ತೀರ್ಪು ತಮ್ಮ ವಿರುದ್ಧ ಬಂದ ಮೇಲೆ ಚಕ್ರವರ್ತಿ ಬೇಡವಾದ. ಫೆಲಿಕ್ಸ್ ಮೇಲಿನ ಆರೋಪವೂ ನಿಲ್ಲಲಿಲ್ಲ. ವಿಚಾರಣೆಯಲ್ಲಿ ಸಾಕ್ಷಿಯ ಪತ್ರವನ್ನು ತಿದ್ದಿದ್ದು ಬಯಲಾಯಿತು.

314ರಲ್ಲಿ ಆರ್ಲ್ಸ್ (ಈಗಿನ ಫ್ರಾನ್ಸ್) ಊರಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಹೇಳಿದ್ದು ವಿವೇಕದ ಮಾತು. ಗ್ರಂಥ ಒಪ್ಪಿಸಿದ್ದು ಸರ್ಕಾರಿ ದಾಖಲೆಯಲ್ಲಿ ಸಾಬೀತಾದರೆ ಅವನನ್ನು ಇಳಿಸಿ. ಅವನು ಕೊಟ್ಟ ದೀಕ್ಷೆ ಮಾತ್ರ ಉಳಿಯಲಿ. ಆಫ್ರಿಕಾದವನೇ ಆದ ಬಿಷಪ್ ಅಗಸ್ಟೀನ್ ಮುಂದೆ ಇದನ್ನೇ ಬೆಳೆಸಿದ: ದೀಕ್ಷಾಸ್ನಾನ ಕ್ರಿಸ್ತನದು, ಪಾದ್ರಿಯದಲ್ಲ. ಇಲ್ಲದಿದ್ದರೆ ಪಾದ್ರಿಯ ಗುಟ್ಟಿನ ಪಾಪಕ್ಕೆ ಏನೂ ಅರಿಯದ ಭಕ್ತ ದಂಡ ತೆರಬೇಕಾಗುತ್ತದೆ.

ಇನ್ನು ಹಟ ಹಿಡಿದವರ ಕೈ ಎಷ್ಟು ಶುದ್ಧ? 303ರ ಮೇ ತಿಂಗಳಲ್ಲಿ ನುಮಿಡಿಯಾದ ಸಿರ್ಟಾ ಊರಿನ ಚರ್ಚಿನಿಂದ ಜಪ್ತಿಯಾದ ವಸ್ತುಗಳ ಪಟ್ಟಿ ಉಳಿದುಬಂದಿದೆ. 2 ಚಿನ್ನದ ಬಟ್ಟಲು, 6 ಬೆಳ್ಳಿ ಬಟ್ಟಲು, ಹೆಂಗಸರ 82 ಅಂಗಿ, 47 ಜೊತೆ ಚಪ್ಪಲಿ. ಬಡವರಿಗೆ ಹಂಚಲು ಇಟ್ಟ ಬಟ್ಟೆಬರೆ ಇರಬೇಕು ಪಾಪ. ಅಲ್ಲಿದ್ದ ಸಬ್‌ಡೀಕನ್ (ಚರ್ಚಿನ ಕೆಳದರ್ಜೆಯ ಸೇವಕ) ಸಿಲ್ವಾನಸ್ ಬೆಳ್ಳಿ ದೀಪವೊಂದನ್ನು ತಾನೇ ಹುಡುಕಿ ತಂದುಕೊಟ್ಟ. ಮುಂದೆ ಅವನೇ ಸಿರ್ಟಾದ ಬಿಷಪ್ ಆದ, ಡೊನಾಟಸ್ ಪಕ್ಷ ಸೇರಿದ. 320ರಲ್ಲಿ ಅವನ ಡೀಕನ್ (ಬಿಷಪ್‌ನ ಸಹಾಯಕ) ಒಬ್ಬ ಅವನೊಂದಿಗೆ ಜಗಳವಾಡಿ ಎಲ್ಲವನ್ನೂ ರೋಮನ್ ಅಧಿಕಾರಿಯ ಮುಂದೆ ಬಿಚ್ಚಿಟ್ಟ.

ಮೆಜೊರಿನಸ್‌ಗೆ ದೀಕ್ಷೆ ಕೊಟ್ಟವರಲ್ಲಿ ಈ ಸಿಲ್ವಾನಸ್ ಕೂಡ ಇದ್ದ. ಅವರದೇ ನಿಯಮದ ಪ್ರಕಾರ ಮೆಜೊರಿನಸ್ ಬಿಷಪ್ ಹೌದೋ, ಅಲ್ಲವೋ?