ಮಹಾಪೋಷಕರಿಗೆ ದಾರಿ ಬಿಡಿ

ಆ ಆಹ್ವಾನ ಪತ್ರಿಕೆ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಸಂಘದ ಹೆಸರು ಬೇಡ, ಅಂಥದ್ದು ಪ್ರತಿ ಬಡಾವಣೆಯಲ್ಲೂ ಒಂದಿದೆ. ಬಡ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಸುವ ಸಂಘ. ವಾರ್ಷಿಕೋತ್ಸವದ ಕಾರ್ಡಿನಲ್ಲಿ ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಮಹಾಪೋಷಕರು, ಬರೀ ಪೋಷಕರು, ಸಲಹಾ ಸಮಿತಿ. ಎಲ್ಲರ ಕೆಳಗೆ ಇರುವೆ ಸಾಲಿನ ಹಾಗೆ ಕಾರ್ಯಕಾರಿ ಸಮಿತಿ. ಮಕ್ಕಳೆಲ್ಲಿ ಅಂತ ಹುಡುಕಿದೆ. ಸಿಕ್ಕರು: 'ಪ್ರಾರ್ಥನೆ: ಮಕ್ಕಳಿಂದ.'

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಪಾಪ, ಕಾಯ್ದೆ ಬರೆದವರಿಗೆ ನಮ್ಮ ಧಾರಾಳತನ ಗೊತ್ತಿರಲಿಲ್ಲ. ಏಳರಲ್ಲಿ ಯಾರನ್ನು ಹಾಕೋದು, ಯಾರನ್ನು ಬಿಡೋದು? ಬಿಟ್ಟವರು ಮುನಿಸಿಕೊಂಡು ಪಕ್ಕದ ಬೀದಿಯಲ್ಲೇ ಇನ್ನೊಂದು ಸಂಘ ಕಟ್ಟುತ್ತಾರೆ.

ಸಲಹಾ ಸಮಿತಿ ಬಹಳ ಆರೋಗ್ಯಕರ ವ್ಯವಸ್ಥೆ. ಅವರನ್ನು ಯಾರೂ ಸಲಹೆ ಕೇಳುವುದಿಲ್ಲ, ಅವರೂ ಕೊಟ್ಟು ತೊಂದರೆ ಮಾಡುವುದಿಲ್ಲ. ತಾನು ಸಮಿತಿಯಲ್ಲಿರುವುದು ಕಾರ್ಡ್ ನೋಡಿದ ಮೇಲೆ ಗೊತ್ತಾದವರೂ ಉಂಟು. ಈಚೆಗೆ ಕಂಪನಿಯವರೊಬ್ಬರು ಇರಲೇಬೇಕು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆ ಹೇಳಿತಲ್ಲ, ಅಂದಿನಿಂದ ಆ ಖರ್ಚಿನ ಹೆಸರಾದ ಸಿಎಸ್‌ಆರ್ ಅನ್ನುವ ಮೂರಕ್ಷರಕ್ಕೆ ವೇದಿಕೆಯ ನಡುವಿನ ಕುರ್ಚಿ ಖಾಯಂ.

ಇನ್ನು ಶಾಲು. ವೇದಿಕೆ ಮೇಲಿದ್ದ ಅಷ್ಟೂ ಜನರಿಗೆ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಹೊದಿಸಿದವರು ಇಳಿಯುವ ಮುಂಚೆ ಹೊದ್ದವರು ಎದ್ದು ಅವರಿಗೆ ಹೊದಿಸುತ್ತಾರೆ. ಆ ಶಾಲಿನಿಂದ ಚಳಿ ಹೋಗುವುದಿಲ್ಲ, ಬೆವರು ಒರೆಸಲೂ ಬರುವುದಿಲ್ಲ. ಮನೆ ಬೀರುವಿನಲ್ಲಿ ಆರು ತಿಂಗಳು ಕೂತು ಇನ್ನೊಬ್ಬ ಸಾಧಕರ ಹೆಗಲು ಸೇರುತ್ತದೆ. ಹಣ್ಣಿನ ಬುಟ್ಟಿ ಮಾತ್ರ ಡ್ರೈವರ್ ಕೈಗೆ. ಪೇಟ ಏನಾಗುತ್ತದೆ ಅಂತ ಇವತ್ತಿಗೂ ನನಗೆ ಹೊಳೆದಿಲ್ಲ.

ಸರ್ವ ಸದಸ್ಯರ ಸಭೆಗೆ ಮಾತ್ರ ಇವರ್ಯಾರೂ ಇಲ್ಲ. ಕೋರಂಗೆ ಬೇಕಾದಷ್ಟು ಜನ ಇಲ್ಲ ಅಂತ ಅರ್ಧ ಗಂಟೆ ಮುಂದೂಡಿ, ಅದೇ ಆರು ಜನ ಟೀ ಕುಡಿದು ಬಂದು ಸಭೆ ಮುಗಿಸಿದರು. ಲೆಕ್ಕಪತ್ರ 'ಓದಿದಂತೆ ಭಾವಿಸಿ ಅಂಗೀಕರಿಸಲಾಯಿತು.' ಭಾವಿಸೋದಕ್ಕೆ ಖರ್ಚಿಲ್ಲ, ಅಲ್ವಾ?

ಆ ಲೆಕ್ಕ ಯಾರಾದರೂ ಓದಿದ್ದರೆ ಪಾಠ ಹೇಳುವ ಟೀಚರಿಗೆ ಜೂನ್‌ನಿಂದ ಗೌರವಧನ ಕೊಟ್ಟಿಲ್ಲ ಅಂತ ಗೊತ್ತಾಗುತ್ತಿತ್ತು. ಅದೇ ಲೆಕ್ಕದಲ್ಲಿ ಶಾಮಿಯಾನಕ್ಕೆ, ಕಾರ್ಡಿಗೆ, ಶಾಲಿಗೆ ದುಡ್ಡು ಕೊಟ್ಟಾಗಿದೆ. ನಾಚಿಕೆ ಆಗಬೇಕು ರೀ. ಸುಮ್ನೆ ನಗೋಣ ಅಂತ ಬರೆಯಲು ಕೂತೆ, ಆಗುತ್ತಿಲ್ಲ.

ಕಾರ್ಡ್ ತುಂಬಾ ಹೆಸರು ಯಾಕೆ? ಒಬ್ಬರು ದುಡ್ಡು ತರಲಿ. ಒಬ್ಬರು ಲೆಕ್ಕ ಓದಲಿ, ಅದನ್ನು ವರ್ಷ ವರ್ಷ ನೋಂದಣಾಧಿಕಾರಿಗೆ ಕಳಿಸಲಿ. ಇನ್ನೊಬ್ಬರು ಅಧ್ಯಕ್ಷರ ಎದುರೇ 'ಇದು ಸರಿಯಿಲ್ಲ ಸರ್' ಅನ್ನಲಿ. ಮೊದಲಿಬ್ಬರು ಹೇಗೋ ಸಿಗುತ್ತಾರೆ. ಮೂರನೆಯವರು ಸಿಕ್ಕರೆ ಮುಂದಿನ ವರ್ಷವೇ ಅವರಿಗೆ ಸಲಹಾ ಸಮಿತಿಗೆ ಬಡ್ತಿ.