ಹದ್ದಿನ ಜಗ್ಗು, ಡೇವ್‌ನ ಭರಣಿ

ಬಾಸ್ಟನ್‌ನಲ್ಲಿರುವ ಮಗಳ ಮನೆಗೆ ಹೋದವರ ಪಾಡು ನಿಮಗೆ ಗೊತ್ತೇ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಟುಬಿಡುತ್ತಾರೆ. ಆಮೇಲೆ ಪಾತ್ರೆ ಒರೆಸಿ ಎತ್ತಿಡುವುದು ಬಿಟ್ಟರೆ ನಮಗೆ ಬೇರೆ ಕೆಲಸವಿಲ್ಲ. ಬೇಜಾರಾಗಿ ಮ್ಯೂಸಿಯಂ ಸುತ್ತತೊಡಗಿದೆ. ಅಲ್ಲಿ ಹೋಗಿ ನೋಡಿದ್ದೂ ಪಾತ್ರೆಗಳನ್ನೇ ಅನ್ನಿ!

ಬಾಸ್ಟನ್, ಸೇಲಂ ಕಡೆಯ ಮ್ಯೂಸಿಯಂಗಳಲ್ಲಿ ಒಂದು ಬಗೆಯ ಜಗ್ಗು ಇರುತ್ತದೆ. ಕೆನೆ ಬಣ್ಣ, ನಮ್ಮ ಮಜ್ಜಿಗೆ ಜಗ್ಗಿಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ ಕಪ್ಪು ಗೆರೆಯಲ್ಲಿ ಹಾಯಿಹಡಗು. ಅದರ ಬಾವುಟಕ್ಕೆ ಮಾತ್ರ ಯಾರೋ ಕೈಯಿಂದ ಕೆಂಪು, ನೀಲಿ ತುಂಬಿದ್ದಾರೆ. ಇನ್ನೊಂದು ಕಡೆ ಜಾರ್ಜ್ ವಾಷಿಂಗ್ಟನ್ನರ ಸಮಾಧಿ, ಪಕ್ಕದಲ್ಲಿ ಅಳುತ್ತಿರುವ ಒಬ್ಬ ಹೆಂಗಸು. ಅವಳೇ ಅಮೆರಿಕ ಮಾತೆ. ಮೂತಿಯ ಕೆಳಗೆ ರೆಕ್ಕೆ ಬಿಚ್ಚಿದ ಹದ್ದು. ವಾಷಿಂಗ್ಟನ್ ತೀರಿಕೊಂಡದ್ದು 1799ರ ಡಿಸೆಂಬರ್‌ನಲ್ಲಿ. ಆಮೇಲೆ ಕೆಲವು ವರ್ಷ ಇಂಥ ಜಗ್ಗುಗಳಿಗೆ ಭಾರೀ ಬೇಡಿಕೆ.

ಇದೆಲ್ಲ ತಯಾರಾದದ್ದು ಎಲ್ಲಿ ಗೊತ್ತಾ? ಇಂಗ್ಲೆಂಡಿನಲ್ಲಿ. ಲಿವರ್‌ಪೂಲಿನಲ್ಲಿ, ಸ್ಟ್ಯಾಫರ್ಡ್‌ಶೈರಿನಲ್ಲಿ. ಅಂದರೆ ಯಾರ ವಿರುದ್ಧ ವಾಷಿಂಗ್ಟನ್ ಎಂಟು ವರ್ಷ ಹೋರಾಡಿದರೋ ಅವರ ಊರಲ್ಲೇ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಮಸಿ ಹಚ್ಚಿ, ತೆಳು ಕಾಗದದ ಮೇಲೆ ಒತ್ತಿ, ಆ ಕಾಗದವನ್ನು ಜಗ್ಗಿಗೆ ಅಂಟಿಸಿ ತೆಗೆದರೆ ಆಯಿತು. ಒಂದೇ ತಗಡಿನಿಂದ ರಾಶಿ ರಾಶಿ ಜಗ್ಗು. 1812ರಲ್ಲಿ ಎರಡು ದೇಶಗಳ ನಡುವೆ ಮತ್ತೆ ಯುದ್ಧವಾಯಿತಲ್ಲ, ಬ್ರಿಟಿಷ್ ಹಡಗುಗಳನ್ನು ಅಮೆರಿಕದವರು ಸೋಲಿಸಿದ ಚಿತ್ರಗಳನ್ನೂ ಈ ಇಂಗ್ಲಿಷ್ ಕುಂಬಾರರೇ ಅಚ್ಚು ಹಾಕಿ ಮಾರಿದರು. ತಮ್ಮದೇ ಸೋಲನ್ನು ಜಗ್ಗಿಗೆ ಅಂಟಿಸಿ, ಗೆದ್ದವರಿಂದಲೇ ದುಡ್ಡು ಎಣಿಸಿಕೊಂಡರು. ವ್ಯಾಪಾರ ಅಂದ್ರೆ ಹೀಗಿರಬೇಕು ನೋಡಿ.

ಹೊಸ ದೇಶದ ಗುರುತು ಅಂದ ಕೂಡಲೇ ನಾವು ಸಂವಿಧಾನ, ಭಾಷಣ ಅಂತ ಶುರುಮಾಡುತ್ತೇವೆ. ಆದರೆ ರೈತನ ಮನೆಗೋ ನಾವಿಕನ ಮನೆಗೋ ದೇಶ ಕಾಲಿಟ್ಟಿದ್ದು ಜಗ್ಗು, ತಟ್ಟೆ, ಅಂಗಿಯ ಗುಂಡಿಗಳ ಜೊತೆ. ಅದರಲ್ಲೂ ಹೆಚ್ಚಿನವು ಹೊರಗಡೆಯಿಂದ ಬಂದ ಮಾಲು. ಹಾಗಾಗಿ ಇಂಥ ಸಾಮಾನಿನ ಮುಂದೆ ನಿಂತಾಗ ನನಗೆ ಹದ್ದಿಗಿಂತ ಜಾಸ್ತಿ ಕುತೂಹಲ ಎರಡೇ ವಿಷಯಕ್ಕೆ. ಮಾಡಿದವರು ಯಾರು? ದುಡ್ಡು ಹೋದದ್ದು ಯಾರ ಕೈಗೆ?

ಹದ್ದಿನದೇ ಒಂದು ಕಥೆ. ಬಿಳಿತಲೆ ಹದ್ದು ಅಮೆರಿಕದ ಮುದ್ರೆಗೆ ಬಂದದ್ದು 1782ರ ಜೂನ್‌ನಲ್ಲಿ. ಬೆಂಜಮಿನ್ ಫ್ರಾಂಕ್ಲಿನ್‌ಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಬೇರೆ ಹಕ್ಕಿ ಹಿಡಿದ ಮೀನನ್ನು ಕಿತ್ತು ತಿನ್ನುವ ಸೋಮಾರಿ, ಇದಕ್ಕಿಂತ ಟರ್ಕಿ ಕೋಳಿಯೇ ಮರ್ಯಾದಸ್ಥ ಅಂತ 1784ರಲ್ಲಿ ಮಗಳಿಗೆ ಪತ್ರ ಬರೆದರು. ಅವರ ಮಾತು ಯಾರು ಕೇಳ್ತಾರೆ? ಬಾಗಿಲ ಮೇಲೆ, ಕನ್ನಡಿಯ ಚೌಕಟ್ಟಿನ ಮೇಲೆ, ಕುರ್ಚಿಯ ಬೆನ್ನಿಗೆ, ಹೊದಿಕೆಯ ನಡುವೆ, ಎಲ್ಲೆಲ್ಲೂ ಹದ್ದೇ ಹದ್ದು. ತಮಾಷೆ ಅಂದರೆ ಈ ಹಕ್ಕಿ ಕಾನೂನಿನ ಪ್ರಕಾರ ರಾಷ್ಟ್ರಪಕ್ಷಿ ಆದದ್ದು 2024ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಯಾರಿಗೂ ಅದು ನೆನಪೇ ಇರಲಿಲ್ಲ.

ಅದೇ ಫ್ರಾಂಕ್ಲಿನ್ ಪತ್ರ ಬರೆದ ವರ್ಷ, ಫೆಬ್ರವರಿಯಲ್ಲಿ, ‘ಎಂಪ್ರೆಸ್ ಆಫ್ ಚೈನಾ’ ಅನ್ನುವ ಹಡಗು ನ್ಯೂಯಾರ್ಕಿನಿಂದ ಚೀನಾದ ಕ್ಯಾಂಟನ್ ಬಂದರಿಗೆ ಹೊರಟಿತು. ಅಲ್ಲಿಂದ ಶುರು ಚೀನಾದ ಪಿಂಗಾಣಿಯನ್ನು ಅಮೆರಿಕದ ಹಡಗುಗಳೇ ನೇರವಾಗಿ ತರುವುದು. ವಾಷಿಂಗ್ಟನ್ 1786ರಲ್ಲಿ ಕೊಂಡ 302 ತುಣುಕಿನ ಊಟದ ಸೆಟ್ಟು ಚೀನಾದ್ದೇ. ಅದರ ಮೇಲೆ ಹದ್ದಿನ ಪದಕ. ಬರೆದವನು ಆ ಹದ್ದನ್ನು ಜನ್ಮದಲ್ಲಿ ಕಂಡವನಲ್ಲ. ಆ ಕಾಲದ ಚೀನೀ ತಟ್ಟೆಗಳಲ್ಲಿ ಕೆಲವು ಹದ್ದುಗಳಂತೂ ನನ್ನ ಕಣ್ಣಿಗೆ ಪಕ್ಕಾ ಪಾರಿವಾಳ. ನನಗೆ ಅವೇ ಹೆಚ್ಚು ಇಷ್ಟ.

ವಾಷಿಂಗ್ಟನ್ನರ ಮುಖವೂ ಚೀನಾ ನೋಡಿಬಂತು. ಗಿಲ್ಬರ್ಟ್ ಸ್ಟುವರ್ಟ್ 1796ರಲ್ಲಿ ಬರೆದ ಅವರ ಒಂದು ಚಿತ್ರವನ್ನು ಬೇಕಂತಲೇ ಪೂರ್ತಿ ಮಾಡದೆ ತನ್ನ ಹತ್ತಿರವೇ ಇಟ್ಟುಕೊಂಡ. ನೋಡಿ ನೋಡಿ ನಕಲು ತೆಗೆದು ಮಾರುವುದಕ್ಕೆ. ಒಂದು ಡಾಲರ್ ನೋಟಿನಲ್ಲಿ ಈಗಲೂ ಇರುವುದು ಅದೇ ಮುಖ, ಎಡಬಲ ತಿರುಗಿಸಿದ್ದು. ಅಷ್ಟರಲ್ಲಿ ಫಿಲಡೆಲ್ಫಿಯಾದ ಒಬ್ಬ ಹಡಗಿನ ಕ್ಯಾಪ್ಟನ್ ಸ್ಟುವರ್ಟ್‌ನಿಂದ ಒಂದು ಚಿತ್ರ ಕೊಂಡು ಕ್ಯಾಂಟನ್ನಿಗೆ ಒಯ್ದ. ಗಾಜಿನ ಮೇಲೆ ನೂರು ಪ್ರತಿ ಬರೆಸಿ ತಂದು ಮಾರಾಟಕ್ಕೆ ಇಟ್ಟ. ಸ್ಟುವರ್ಟ್ 1802ರಲ್ಲಿ ಕೋರ್ಟಿಗೆ ಹೋಗಿ ತಡೆ ತಂದ. ರಾಷ್ಟ್ರಪಿತನ ಮುಖ ಯಾರ ಸೊತ್ತು ಅಂತ ಜಗಳ!

ಹೆಸರನ್ನೂ ಹೊರಗಿನಿಂದ ತಂದದ್ದಿದೆ. ಹದ್ದು ಮುದ್ರೆಗೆ ಬರುವ ಎರಡು ತಿಂಗಳ ಮುಂಚೆ, 1782ರ ಏಪ್ರಿಲ್‌ನಲ್ಲಿ, ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ತನಗಿಂತ ದೊಡ್ಡ ಬ್ರಿಟಿಷ್ ಹಡಗನ್ನು ಹಿಡಿಯಿತು. ಗೆದ್ದ ಹಡಗಿನ ಹೆಸರು ‘ಹೈಡರ್ ಆಲಿ’. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರಾಲಿಯೇ. ಬ್ರಿಟಿಷರಿಗೆ ನೀರು ಕುಡಿಸುತ್ತಿದ್ದ ದೊರೆ ಅಂತ ಅಲ್ಲಿಯವರೆಗೂ ಸುದ್ದಿ ಹೋಗಿತ್ತು. ಹೈದರ್ ತೀರಿಕೊಂಡದ್ದೂ ಅದೇ ವರ್ಷದ ಡಿಸೆಂಬರ್‌ನಲ್ಲಿ. ಈ ಹಡಗಿನ ಸುದ್ದಿ ಅವನಿಗೆ ಮುಟ್ಟಿತ್ತೋ ಇಲ್ಲವೋ.

ಸ್ವದೇಶಿ ಮಾಲಿಗೆ ಅವರು ಪ್ರಯತ್ನಪಡಲಿಲ್ಲ ಅಂತಲ್ಲ. 1789ರ ಏಪ್ರಿಲ್ 30ರಂದು ಪ್ರಮಾಣವಚನಕ್ಕೆ ವಾಷಿಂಗ್ಟನ್ ಹಾಕಿಕೊಂಡದ್ದು ಹಾರ್ಟ್‌ಫರ್ಡ್ ಗಿರಣಿಯ ಕಂದು ಉಣ್ಣೆ ಬಟ್ಟೆ, ಅದಕ್ಕೆ ಹದ್ದಿನ ಗುಂಡಿ. ಬೇಕಂತಲೇ ತರಿಸಿದ್ದರು. ಆ ಗಿರಣಿ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಇಂಗ್ಲೆಂಡಿನ ಬಟ್ಟೆ ನಯವಾಗಿತ್ತು, ಜನ ಅದನ್ನೇ ಕೊಂಡರು.

ಇಷ್ಟೆಲ್ಲ ನೋಡಿಕೊಂಡು ಬಾಸ್ಟನ್‌ನ ಲಲಿತಕಲಾ ಮ್ಯೂಸಿಯಂನಲ್ಲಿ ಒಂದು ಭರಣಿಯ ಮುಂದೆ ಬಂದು ನಿಂತೆ. ಮಣ್ಣಿನದು. ನಮ್ಮ ಉಪ್ಪಿನಕಾಯಿ ಭರಣಿಯ ದೊಡ್ಡಣ್ಣ. ಹದ್ದಿಲ್ಲ, ವಾಷಿಂಗ್ಟನ್ ಇಲ್ಲ. ಕಂದು ಹಸಿರಿನ ಹೊಳಪು ಗೆರೆಗೆರೆಯಾಗಿ ಇಳಿದಿದೆ. ಭುಜದ ಹತ್ತಿರ, ಮಣ್ಣು ಹಸಿ ಇದ್ದಾಗಲೇ ಕಡ್ಡಿಯಲ್ಲಿ ಬರೆದಂತೆ ಕೂಡಕ್ಷರದ ಎರಡು ಸಾಲು. ಈ ಭರಣಿ ಮಾಡಿದ್ದು ಕಾಸಿಗೆ, ಕಾಸನ್ನು ಕಸ ಅನ್ನುತ್ತಾರಾದರೂ, ಅಂತ ಅದರ ಅರ್ಥ. ಇಂಗ್ಲಿಷಿನಲ್ಲಿ ಅದು ಪ್ರಾಸ. ತಾರೀಖು 1857ರ ಆಗಸ್ಟ್ 22. ಹೆಸರು ಡೇವ್.

ಡೇವ್ ಸೌತ್ ಕ್ಯಾರೊಲಿನಾದ ಎಡ್ಜ್‌ಫೀಲ್ಡಿನ ಗುಲಾಮ. ಬಿಡುಗಡೆಯಾದ ಮೇಲೆ ಡೇವಿಡ್ ಡ್ರೇಕ್ ಆದ. ಗುಲಾಮರಿಗೆ ಓದು ಬರಹ ಕಲಿಸುವುದು ಆ ರಾಜ್ಯದಲ್ಲಿ 1834ರಿಂದ ಅಪರಾಧ. ಅಂಥ ಕಡೆ ಇವನು ಭರಣಿಯ ಮೈಮೇಲೆ, ಊರೆಲ್ಲ ಓದುವ ಹಾಗೆ, ಪದ್ಯ ಬರೆದು ಸಹಿ ಹಾಕುತ್ತಿದ್ದ. ಈ ಭರಣಿಗೆ ಆರು ದಿನ ಮುಂಚೆ, ಆಗಸ್ಟ್ 16ರಂದು, ಇನ್ನೊಂದರ ಮೇಲೆ ಬರೆದದ್ದು ಇದು: ನನ್ನ ಬಂಧುಬಳಗವೆಲ್ಲ ಎಲ್ಲಿದೆಯೋ, ಎಲ್ಲರಿಗೂ ಎಲ್ಲ ದೇಶಕ್ಕೂ ನನ್ನ ಸ್ನೇಹ.

ನಾನು ಅಲ್ಲಿ ಬೆಂಚಿನ ಮೇಲೆ ಸುಮ್ನೆ ಕೂತುಬಿಟ್ಟೆ. ಮಣ್ಣು ಅಲ್ಲಿಯದು, ಕೈ ಅಲ್ಲಿಯದು, ಒಳಗೆ ತುಂಬುತ್ತಿದ್ದ ಉಪ್ಪು ಹಾಕಿದ ಮಾಂಸವೂ ಅಲ್ಲಿಯದು. ಅಪ್ಪಟ ಅಮೆರಿಕದ ವಸ್ತು ತೋರಿಸಿ ಅಂದರೆ ನಾನು ತೋರಿಸುವುದು ಇದನ್ನೇ. ಮಾಡಿದವನನ್ನು ಮಾತ್ರ ಆ ದೇಶ ತನ್ನವನು ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಾಸಿಗೆ ಮಾಡಿದೆ ಅಂತ ಬರೆದವನು ಅವನು, ಆದರೆ ಕಾಸು ಸೇರಿದ್ದು ಯಜಮಾನನ ಕೈಗೆ.

2025ರಲ್ಲಿ ಆ ಮ್ಯೂಸಿಯಂ ಡೇವ್‌ನ ಎರಡು ಭರಣಿಗಳ ಒಡೆತನವನ್ನು ಅವನ ವಂಶದವರಿಗೆ ಬಿಟ್ಟುಕೊಟ್ಟಿತು. ಒಂದನ್ನು ಅವರು ಸದ್ಯಕ್ಕೆ ಅಲ್ಲೇ ಇಟ್ಟುಕೊಳ್ಳಿ ಅಂದರು. ಇನ್ನೊಂದನ್ನು, ಈ ಪದ್ಯದ ಭರಣಿಯನ್ನು, ಮ್ಯೂಸಿಯಂ ಅವರಿಂದಲೇ ಮತ್ತೆ ಕೊಂಡುಕೊಂಡಿತು. ಕಾಸು ಕೊಟ್ಟು.