ಒಡೆದ ಗಜನಿ ಕಟ್ಟೆಯನ್ನು ಸರ್ಕಾರ ಮತ್ತೆ ಕಟ್ಟಬೇಕೇ? ಅಘನಾಶಿನಿ ತೀರದ ಪರ-ವಿರೋಧ

ಪರ: ಕಟ್ಟೆ ಇದ್ದರೆ ಗಜನಿ

ಕುಮಟಾ ತಾಲ್ಲೂಕಿನ ಮಾಣಿಕಟ್ಟಾ, ಮಿರ್ಜಾನ, ಕಾಗಾಲ ಕಡೆಯ ಗಜನಿಗಳು, ಅಂದರೆ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯ ತಗ್ಗು ಗದ್ದೆಗಳು, ಇರುವುದೇ ಕಟ್ಟೆಯ ದೆಸೆಯಿಂದ. ಹಿರಿಯರು ಹೊಳೆಯ ಜೇಡಿಯನ್ನೇ ಎತ್ತಿ ಕಟ್ಟೆ ಹಾಕಿದರು. ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಬೇಸಿಗೆಗೆ ಉಪ್ಪುನೀರು ಬಿಟ್ಟುಕೊಂಡು ಸಿಗಡಿ, ಮೀನು. ಈಗ ಕಟ್ಟೆ ಒಡೆದಾಗ ಮಾತ್ರ ‘ಮತ್ತೆ ಕಟ್ಟಬೇಡಿ, ಪ್ರಕೃತಿಗೆ ಕೈಹಾಕಿದಂತಾಗುತ್ತದೆ’ ಎನ್ನುವುದು ಯಾವ ನ್ಯಾಯ? ಆ ನ್ಯಾಯ ಹಿಡಿದು ಹೊರಟರೆ ಶಿರಸಿಯ ಅಡಕೆ ತೋಟದ ಬಸಿಗಾಲುವೆಗಳನ್ನೂ ಮುಚ್ಚಬೇಕಾದೀತು.

ಕಗ್ಗದ ಬೇಸಾಯವೆಂದರೆ ಉಪ್ಪನ್ನು ಹೊತ್ತು ನೋಡಿ ಹೊರಹಾಕುವ ಕೆಲಸ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಗದ್ದೆಯಲ್ಲಿ ಮಳೆನೀರು ನಿಲ್ಲಿಸಬೇಕು. ಸಮುದ್ರದ ಇಳಿತದ ಹೊತ್ತಿಗೆ ಕಟ್ಟೆಯ ಗೇಟಿನ ಹಲಗೆ ಎತ್ತಿ ಆ ನೀರನ್ನು ಹೊಳೆಗೆ ಬಿಡಬೇಕು, ಭರತ ಏರುವ ಮುಂಚೆ ಹಲಗೆ ಇಳಿಸಬೇಕು. ಹೀಗೆ ಹಲವು ಸಲ ತೊಳೆದರೆ ಮೇಲ್ಮಣ್ಣಿನ ಉಪ್ಪು ಇಳಿಯುತ್ತದೆ. ಆಮೇಲೆ ಮೊಳಕೆ ಕಟ್ಟಿಸಿದ ಬೀಜ ಚೆಲ್ಲುವುದು. ಗೊಬ್ಬರ, ಔಷಧಿ ಏನೂ ಬೇಡ. ಗಿಡ ಎತ್ತರ ಬೆಳೆಯುವುದರಿಂದ ನೆರೆಗೆ ಕೆಲವು ದಿನ ಮುಳುಗಿದರೂ ಎದ್ದುಕೊಳ್ಳುತ್ತದೆ. ಇಷ್ಟು ಗಟ್ಟಿ ತಳಿಗೂ ಎರಡು ಹೊತ್ತು ನಾಜೂಕು: ಎಳೆ ಸಸಿಯಾಗಿದ್ದಾಗ, ತೆನೆಯ ಹೊಡೆ ಬಿರಿಯುವಾಗ. ಮಳೆ ಹಿಂದೆ ಸರಿದು ಹೊಳೆ ಉಪ್ಪಾಗತೊಡಗುವ ಹೊತ್ತಿಗೇ ಹೊಡೆ ಬರುತ್ತದೆ. ಆಗ ಒಂದು ಹುಣ್ಣಿಮೆಯ ಭರತಕ್ಕೆ ಕಟ್ಟೆ ಬಿಟ್ಟುಕೊಟ್ಟರೆ ಕಾಳೆಲ್ಲ ಜೊಳ್ಳು.

ಕಟ್ಟೆ ಬಿಟ್ಟುಕೊಡುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಏಡಿ ಕೊರೆದ ಬಿಲ ಬೆರಳು ಗಾತ್ರದ್ದಿರುತ್ತದೆ. ಅದರೊಳಗೆ ನೀರು ಹರಿಯತೊಡಗಿದರೆ ಮಣ್ಣು ಒಳಗಿನಿಂದ ಸವೆದು, ಮೇಲೆ ಕಟ್ಟೆ ನಿಂತಂತೆಯೇ ಕಂಡರೂ ಒಳಗೆ ಟೊಳ್ಳಾಗುತ್ತದೆ. ಬಾಯಿಗೆ ಮಣ್ಣು ಮೆತ್ತಿ ಪ್ರಯೋಜನವಿಲ್ಲ, ಬಿಲದ ಕೊನೆಯವರೆಗೆ ಅಗೆದು ಒದ್ದೆ ಜೇಡಿ ತುಂಬಿ ತುಳಿಯಬೇಕು. ಗೇಟಿನದು ಇನ್ನೊಂದು ಕಥೆ. ಎರಡು ಸಾಲು ಹಲಗೆ, ನಡುವೆ ಜೇಡಿ. ಉಪ್ಪುನೀರಿನ ಮರಕೊರಕ ಹಲಗೆಯನ್ನು ಜರಡಿ ಮಾಡುತ್ತದೆ. ತಳದ ಹಲಗೆಗೆ ಒಂದು ಕಡ್ಡಿ ಸಿಕ್ಕಿದರೂ ಅದು ಸರಿಯಾಗಿ ಕೂರುವುದಿಲ್ಲ. ಆ ಸಂದಿಯಲ್ಲಿ ನುಗ್ಗಿದ ನೀರು ಹೊಸ್ತಿಲ ಕೆಳಗಿನ ಮಣ್ಣನ್ನೇ ಕೊರೆದು ಗೇಟನ್ನು ಕುಸಿಯುವಂತೆ ಮಾಡುತ್ತದೆ.

ಹಿಂದೆ ಪ್ರತಿ ಮನೆಗೂ ಇಷ್ಟು ಮಾರು ಕಟ್ಟೆ ಎಂದು ಪಾಲಿತ್ತು. ಸರ್ಕಾರದ ಖಾರ್‌ಲ್ಯಾಂಡ್ (ಉಪ್ಪುನೆಲ) ಕಟ್ಟೆಗಳು ಬಂದ ಮೇಲೆ ‘ಇದು ಸರ್ಕಾರದ್ದು’ ಎಂಬ ಭಾವನೆ ಬಂತು. ಸರ್ಕಾರ ಕಟ್ಟಿ ಮರೆಯಿತು, ಊರವರು ಕೈಬಿಟ್ಟರು. ಈಗ ಆಳು ಸಿಗುವುದಿಲ್ಲ, ಒಬ್ಬನಿಂದ ಆಗುವ ಕೆಲಸವೂ ಅಲ್ಲ. ಒಬ್ಬನ ಪಾಲಿನ ಹತ್ತು ಮಾರು ಹೋದರೆ ಅವನ ಹಿಂದಿನ ಐವತ್ತು ಎಕರೆಯೂ ಹೋದಂತೆ. ಸಾರ್ವಜನಿಕ ಹಣ ಇಂಥ ಕಡೆಗೇ ಇರಬೇಕಾದದ್ದು.

ಕಟ್ಟೆ ಬಿಟ್ಟ ಜಾಗದಲ್ಲಿ ಕೆಲವೇ ವರ್ಷಗಳಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಏಳುತ್ತದೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಕಾಂಡ್ಲ ವನ ಅತಿ ಬಿಗಿಯಾದ ‘1ಎ’ ವರ್ಗಕ್ಕೆ ಸೇರಿದೆ. ಪಹಣಿಯಲ್ಲಿ ಗದ್ದೆ, ಕಣ್ಣೆದುರು ಕಾಡು. ರೈತ ಕತ್ತಿ ಎತ್ತುವಂತಿಲ್ಲ. ಅದೇ ಅಧಿಸೂಚನೆ ಉಪ್ಪುನೀರಿನ ಒಳನುಗ್ಗುವಿಕೆ ತಡೆಯುವ ಕಾಮಗಾರಿಗೆ ಅವಕಾಶವನ್ನೂ ಕೊಟ್ಟಿದೆ. ಉಪ್ಪು ಗಜನಿಗೇ ನಿಲ್ಲುವುದಿಲ್ಲ, ಅಂಚಿನ ಮನೆಗಳ ಬಾವಿಗೂ ಇಳಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ವರ್ಷವರ್ಷ ಸುರಿಯುವ ದುಡ್ಡನ್ನು ಕಟ್ಟೆಗೆ ಹಾಕಲಿ.

ವಿರೋಧ: ಕೇಳುತ್ತಿರುವುದು ಹಿರಿಯರ ಕಟ್ಟೆಯನ್ನಲ್ಲ

ಹಿರಿಯರ ಕಟ್ಟೆ ಗಿಡ್ಡ, ಮಣ್ಣಿನದು, ಗೇಟು ಹಲವು, ವರ್ಷದ ಅರ್ಧ ಭಾಗ ತೆರೆದೇ ಇರುತ್ತಿತ್ತು. ಅದರ ಮೇಲೆ ಯಾರ ತಕರಾರೂ ಇಲ್ಲ. ಈಗಿನ ಬೇಡಿಕೆ ಎತ್ತರದ ಕಲ್ಲು-ಕಾಂಕ್ರೀಟಿನ ಗೋಡೆ, ಸಾಧ್ಯವಾದರೆ ಮೇಲೊಂದು ರಸ್ತೆ. ಗೋಡೆಗೆ ಮೀಟರ್ ಲೆಕ್ಕದಲ್ಲಿ ಬಿಲ್ಲಾಗುತ್ತದೆ. ಗೇಟು ಹಾಗಲ್ಲ: ಅದಕ್ಕೆ ದಿನಕ್ಕೆರಡು ಭರತ ಕಾಯುವ ಮನುಷ್ಯ ಬೇಕು. ಆ ಮನುಷ್ಯನ ಸಂಬಳ ಯಾವ ಅಂದಾಜುಪಟ್ಟಿಯಲ್ಲೂ ಕೂರುವುದಿಲ್ಲವಾದ್ದರಿಂದ ಗೇಟುಗಳೇ ಕಡಿಮೆಯಾಗುತ್ತವೆ.

ಗೇಟು ಕಡಿಮೆಯಾದರೆ ಮಣ್ಣು ಕೆಡುತ್ತದೆ. ಕಾಂಡ್ಲದ ಕೆಸರಿನಲ್ಲಿ ಗಂಧಕ ಬೆರೆತ ಕಬ್ಬಿಣದ ಖನಿಜ ಹೂತಿರುತ್ತದೆ. ನೀರಿನಡಿ ಇರುವಷ್ಟು ದಿನ ಅದರಿಂದ ತೊಂದರೆಯಿಲ್ಲ. ಗೋಡೆ ಹಾಕಿ ಒಣಗಿಸಿ ಗಾಳಿ ತಾಗಿಸಿದರೆ ಅದು ಗಂಧಕಾಮ್ಲವಾಗುತ್ತದೆ. ಮೊದಲ ಮಳೆಗೆ ಕಾಲುವೆಯಲ್ಲಿ ತುಕ್ಕು ಬಣ್ಣದ ನೀರು, ತೇಲುವ ಮೀನು. ಹುಳಿ ಮಣ್ಣಿಗೆ ಸುಣ್ಣ ಸುರಿದು ಬೇಸಾಯ ಮಾಡುವ ಸ್ಥಿತಿ ಬಂದರೆ, ಗೊಬ್ಬರವೇ ಬೇಡದ ಕಗ್ಗ ಎಂಬ ಮಾತಿಗೆ ಅರ್ಥವೇನು ಉಳಿಯಿತು?

ಇನ್ನು ಹೊಳೆಯ ಲೆಕ್ಕ. ನೂರು ಹೆಕ್ಟೇರ್ ಗಜನಿಗೆ ಭರತದಲ್ಲಿ ಅರ್ಧ ಮೀಟರ್ ನೀರು ಏರಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಇಳಿತಕ್ಕೆ 5 ಲಕ್ಷ ಘನ ಮೀಟರ್ ನೀರು ಹೊಳೆ ಸಮುದ್ರ ಸೇರುವ ಅಳಿವೆಯ ಮೂಲಕ ಹೊರಗೆ ನುಗ್ಗಬೇಕು. ಅಳಿವೆ ಬಾಯಿಯ ಮರಳನ್ನು ಸಮುದ್ರಕ್ಕೆ ತಳ್ಳುವುದು ಈ ಸೆಳೆತವೇ. ಗಜನಿಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದರೆ ಸೆಳೆತ ಕುಗ್ಗಿ, ಮರಳು ದಿಬ್ಬ ಬೆಳೆದು, ತದಡಿ ಬಂದರಿನ ದೋಣಿಗಳು ತಳ ತಾಗಿಸಿಕೊಂಡು ಭರತ ಕಾಯಬೇಕಾಗುತ್ತದೆ. ಆಮೇಲೆ ಹೂಳೆತ್ತಲು ಇನ್ನೊಂದು ಯೋಜನೆ.

ಉಪ್ಪು-ಸಿಹಿಯ ಹದ ತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ, ಪಕ್ಕದ ಶರಾವತಿ ಸಾಕು. 1964ರ ಲಿಂಗನಮಕ್ಕಿ ಮತ್ತು ನಂತರದ ಗೇರುಸೊಪ್ಪ ಅಣೆಕಟ್ಟೆಗಳಿಂದ ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರು ಬರತೊಡಗಿ ಹೊನ್ನಾವರದ ಹಿನ್ನೀರಿನಲ್ಲಿ ಉಪ್ಪು ತಗ್ಗಿತು, ಉಪ್ಪು ಬೇಡುವ ಚಿಪ್ಪಿಜೀವಿಗಳು ಕಡಿಮೆಯಾದವು. ಅಘನಾಶಿನಿಗೆ ಶಿರಸಿಯಿಂದ ಸಮುದ್ರದವರೆಗೆ ದೊಡ್ಡ ಅಣೆಕಟ್ಟೆ ಇಲ್ಲ, ಬಳಚು ಎಂಬ ಚಿಪ್ಪಿಜೀವಿ ಇನ್ನೂ ಸಿಗುತ್ತದೆ. 2024ರಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದಕ್ಕೆ ಈ ಸಮೃದ್ಧಿಯೂ ಒಂದು ಕಾರಣ.

ಇಲ್ಲಿಯೇ ನ್ಯಾಯದ ಪ್ರಶ್ನೆ ಬರುತ್ತದೆ. ಗೋಡೆಯಿಂದ ಲಾಭ ಪಹಣಿ ಇರುವವನಿಗೆ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಕಾಲಲ್ಲೇ ತಡವಿ ಬಳಚು ಎತ್ತುವ ಹೆಂಗಸಿಗೆ ಹೊಳೆಯ ಮೇಲೆ ಪಹಣಿ ಇಲ್ಲ, ಪರಿಹಾರದ ಪಟ್ಟಿಯಲ್ಲಿ ಹೆಸರೂ ಇಲ್ಲ. ಸಾರ್ವಜನಿಕ ಹಣ ಎನ್ನುವಾಗ ಆ ಸಾರ್ವಜನಿಕರಲ್ಲಿ ಅವಳೂ ಇರಬೇಕಲ್ಲ.

ಕಟ್ಟೆ ಭತ್ತಕ್ಕೇ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. 1990ರ ದಶಕದಲ್ಲಿ ಭತ್ತದ ಹೆಸರಿನ ಎಷ್ಟೋ ಗಜನಿಗಳು ಸಿಗಡಿ ಕೆರೆಗಳಾದವು. ಬಿಳಿಚುಕ್ಕೆ ರೋಗ ಬಂದು ಕೆರೆಗಳು ಬರಿದಾದವು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕವಲ್ಲದ ಸಿಗಡಿ ಕೃಷಿಗೆ ತಡೆ ಹಾಕಿತು, 2005ರ ಕಾಯ್ದೆ ಮತ್ತೆ ದಾರಿ ತೆರೆಯಿತು. ಇವತ್ತಿಗೂ ಗೇಟಿನ ಮೀನು ಹಿಡಿಯುವ ಹಕ್ಕು ಹರಾಜಾಗುತ್ತದೆ. ಹರಾಜು ಹಿಡಿದವನಿಗೆ ಬೇಗ ಉಪ್ಪುನೀರು ಬೇಕು, ಭತ್ತ ಬಿತ್ತಿದವನಿಗೆ ತಡವಾಗಿ. ಸಾಮಾನ್ಯವಾಗಿ ಗೆಲ್ಲುವುದು ದುಡ್ಡು ಮುಂಗಡ ಕೊಟ್ಟವನು.

ಏರುತ್ತಿರುವ ಸಮುದ್ರದ ಮಾತೂ ಇದೆ. 2006ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿದೆ. ಗೋಡೆಯ ಹಿಂದಿನ ಗದ್ದೆಗೆ ಹೊಳೆಯ ಮೆಕ್ಕಲು ಬರುವುದು ನಿಲ್ಲುವುದರಿಂದ ಅದು ಏರುವುದಿಲ್ಲ. ಹೊರಗೆ ನೀರು ಮೇಲೆ, ಒಳಗೆ ನೆಲ ಕೆಳಗೆ.

ಹಾಗೆಂದು ಯಾವ ಕಟ್ಟೆಯನ್ನೂ ಮುಟ್ಟಬಾರದು ಎನ್ನುವುದಲ್ಲ. ಈಗಲೂ ಕಗ್ಗ ಬಿತ್ತುವ ಗಜನಿಗೆ ಮಣ್ಣಿನ ಕಟ್ಟೆ, ಇಳಿತಕ್ಕೆ ತಾನೇ ತೆರೆದು ಭರತಕ್ಕೆ ತಾನೇ ಮುಚ್ಚುವ ಬಾಗಿಲು, ಗದ್ದೆ ಕೊಯ್ಲಾದ ಮೇಲೆ ಅದನ್ನು ಎತ್ತಿ ಕಟ್ಟುವ ತಾರೀಕು ಬರಹದಲ್ಲಿ. ಆ ಬಾಗಿಲಿನ ಕೀಲಿಗೆ ಕಲ್ಲುಚಿಪ್ಪು ಅಂಟುತ್ತದೆ, ತಿಂಗಳಿಗೊಮ್ಮೆ ಕೆರೆಯುವವನಿಗೆ ಪಂಚಾಯ್ತಿಯಿಂದ ಕೂಲಿ ಇಡಲಿ. ಕಾಂಡ್ಲ ಎದ್ದಾಗಿರುವ ಗಜನಿಗಳನ್ನು ಬಿಟ್ಟುಬಿಡಲಿ, ಪಹಣಿದಾರನಿಗೆ ಎಕರೆ ಲೆಕ್ಕದಲ್ಲಿ ವರ್ಷಕ್ಕಿಷ್ಟು ಎಂದು ಕೊಡಲಿ. ಬಳಚು ತೆಗೆಯುವವರ ಹೆಸರನ್ನು ಪಂಚಾಯ್ತಿಯಲ್ಲಿ ಬರೆಸುವ ಮುಂಚೆ ಯಾವ ಗೋಡೆಗೂ ಟೆಂಡರ್ ಕರೆಯಬಾರದು.